ಏಡಿ ಅಂಗಿ ಕಳಚುವ ಗುಟ್ಟು

ಮಲಪ್ರಭೆಯ ದಂಡೆಯ ಕಲ್ಲುಸಂದಿಯಲ್ಲಿ ಏಡಿಯ ಖಾಲಿ ಚಿಪ್ಪು ಸಿಕ್ಕರೆ “ಏಡಿ ಸತ್ತೈತಿ” ಅಂತೀವಿ. ಬಹಳ ಸಲ ಅದು ಸತ್ತಿರುವುದಿಲ್ಲ, ಹಳೆಯ ಅಂಗಿ ಬಿಟ್ಟು ಹೋಗಿರುತ್ತದೆ. ನಾವು ಬೆಳೆದಂತೆ ನಮ್ಮ ಚರ್ಮವೂ ಬೆಳೆಯುತ್ತದೆ. ಆದರೆ ಏಡಿ, ಸೀಗಡಿ, ನೀರುಚಿಗಟ ಇವುಗಳ ಚಿಪ್ಪು ಬೆಳೆಯುವುದಿಲ್ಲ. ಮೈ ದೊಡ್ಡದಾಗಬೇಕಾದರೆ ಪೊರೆ ಬಿಡಲೇಬೇಕು. ಹೊಸ ಚಿಪ್ಪು ಗಟ್ಟಿಯಾಗುವ ತನಕ ಅವು ಅಡಗಿ ಕೂಡ್ತಾವ.

ಹೇಳುವವರು ಯಾರು?
ಪೊರೆ ಬಿಡುವ ಹೊತ್ತು ಬಂತೆಂದು ತಿಳಿಸುವುದು ಎಕ್ಡೈಸೋನ್ ಎಂಬ ಹಾರ್ಮೋನು. 1954ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಮತ್ತು ಕಾರ್ಲ್‌ಸನ್ ಇದನ್ನು ಬೇರ್ಪಡಿಸಿದರು. 500 ಕಿಲೋ ರೇಷ್ಮೆ ಗೂಡಿನ ಹುಳ ಅರೆದರೆ ಸಿಕ್ಕಿದ್ದು ಬರೀ 25 ಮಿಲಿಗ್ರಾಂ! 1966ರಲ್ಲಿ ಆಸ್ಟ್ರೇಲಿಯದಲ್ಲಿ ಒಂದು ಟನ್ ಕಡಲ ಕ್ರೇಫಿಶ್‌ನಿಂದ ಇದೇ ಮನೆತನದ ಹಾರ್ಮೋನು 2 ಮಿಲಿಗ್ರಾಂ ಸಿಕ್ಕಿತು. ಅಂದರೆ ಹುಳಕ್ಕೂ ಏಡಿಗೂ ಈ ವಿಷಯದಲ್ಲಿ ಬಳಗ ಒಂದೇ. ಇದನ್ನು ನೆನಪಿಡಿರಿ, ಮುಂದೆ ಬೇಕಾಗ್ತದ.

ಕೀಲಿ ಮತ್ತು ಚಾವಿ
ಹಾರ್ಮೋನು ಚಾವಿ ಇದ್ದಂತೆ. ಚಾವಿ ಒಂದೇ ಇದ್ದರೆ ಸಾಲದು, ಕೀಲಿಯೂ ಬೇಕು. ಜೀವಕೋಶದೊಳಗಿನ ಆ ಕೀಲಿಗೆ ಗ್ರಾಹಕ ಎನ್ನುತ್ತಾರೆ. ಎಕ್ಡೈಸೋನಿನ ಗ್ರಾಹಕ ಒಂಟಿಯಾಗಿ ದುಡಿಯುವುದಿಲ್ಲ. ನೊಗಕ್ಕೆ ಎರಡು ಎತ್ತು ಹೂಡಿದಂತೆ ಇನ್ನೊಂದು ಪ್ರೋಟೀನಿನ ಜೋಡಿ ಬೇಕು. ಚಾವಿ ಕೂತಿತೆಂದರೆ ಆ ಜೋಡಿ ಜೀನ್‌ಗಳನ್ನು ಎಬ್ಬಿಸುತ್ತದೆ, ಹಳೆಯ ಚಿಪ್ಪಿನ ಕೆಳಗೆ ಹೊಸದು ತಯಾರಾಗುತ್ತದೆ.

ಇದಕ್ಕೆ ಬ್ರೇಕೂ ಐತಿ. ಏಡಿಯ ಕಣ್ಣಿನ ದಂಟಿನೊಳಗೆ ತಯಾರಾಗುವ ಮತ್ತೊಂದು ಹಾರ್ಮೋನು ಪೊರೆ ಬಿಡುವುದನ್ನು ತಡೆದು ಹಿಡಿಯುತ್ತದೆ.

ನೀರುಚಿಗಟದ ಸಂಸಾರ
ಕೆರೆ ನೀರಿನಲ್ಲಿ ಸಾಸಿವೆ ಕಾಳಿನಷ್ಟಿದ್ದು ಕುಪ್ಪಳಿಸುವ ಜೀವಿಯೇ ನೀರುಚಿಗಟ. ಇದು ಪಾಚಿ ತಿನ್ನುತ್ತದೆ, ಮೀನಿನ ಮರಿಗಳು ಇದನ್ನು ತಿನ್ನುತ್ತವೆ. ಇದರ ತಾಯಿ ಮರಿಗಳನ್ನು ಹೊರಬಿಟ್ಟು, ಪೊರೆ ಕಳಚಿ, ಮತ್ತೆ ಮೊಟ್ಟೆ ಇಡುತ್ತದೆ. ಹಿಂಗಾಗಿ ಪೊರೆ ಕೆಟ್ಟರೆ ಸಂತಾನವೂ ಕೆಡುತ್ತದೆ.

ನೀರು, ಆಹಾರ ಚಲೋ ಇದ್ದಾಗ ಹುಟ್ಟುವುದೆಲ್ಲ ಹೆಣ್ಣು; ಗಂಡು ಬೇಕಾಗಿಯೇ ಇಲ್ಲ. ಕಷ್ಟಕಾಲ ಬಂದಾಗ ಮೀಥೈಲ್ ಫಾರ್ನೆಸೋಯೇಟ್ ಎಂಬ ಇನ್ನೊಂದು ಹಾರ್ಮೋನು ತನ್ನದೇ ಗ್ರಾಹಕಕ್ಕೆ ಕೂತು ಗಂಡುಮರಿ ಹುಟ್ಟಿಸುತ್ತದೆ. ಗಂಡು ಹೆಣ್ಣು ಕೂಡಿದ ಮೇಲೆ ಗಟ್ಟಿ ಕವಚದ ಮೊಟ್ಟೆ ಆಗುತ್ತವೆ. ಕೆರೆ ಬತ್ತಿದರೂ ಅವು ಕೆಸರಿನಲ್ಲಿ ಉಳಿದು, ಮಳೆ ಬಂದಾಗ ಒಡೆಯುತ್ತವೆ.

ಕಳ್ಳ ಚಾವಿ
ಹತ್ತಿಯ ಬಿಳಿನೊಣಕ್ಕೆ ಹೊಡೆಯುವ ಪೈರಿಪ್ರಾಕ್ಸಿಫೆನ್ ಹುಳದ ಹಾರ್ಮೋನನ್ನೇ ಅನುಕರಿಸುವ ಕಳ್ಳ ಚಾವಿ. ಬಳಗ ಒಂದೇ ಅಂದೆವಲ್ಲ? ನೀರುಚಿಗಟದ ಕೀಲಿಗೂ ಅದು ಕೂಡ್ತದ. ಜಪಾನಿನ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ಔಷಧ ತಗುಲಿದ ತಾಯಂದಿರು ಗಂಡುಮರಿ ಹೆತ್ತವು. ಕಾಲವಲ್ಲದ ಕಾಲದಲ್ಲಿ ಗಂಡು ಹುಟ್ಟಿದರೆ ಹೆಣ್ಣು ಕಡಿಮೆ, ಮರಿ ಕಡಿಮೆ, ಕಡೆಗೆ ಮೀನಿಗೂ ಉಪವಾಸ. ಒಂದು ಜೀವಿಯೂ ಸತ್ತು ತೇಲುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಎಣ್ಣಿ ಹೊಡೆದ ಪಂಪನ್ನು ಹಳ್ಳದಾಗ, ಕೆರಿಯಾಗ ತೊಳೆಯಬ್ಯಾಡ್ರಿ ಎಂದು ಮನೆಯಲ್ಲಿ ಹೇಳಿರಿ. ಖಾಲಿ ಡಬ್ಬಿಯನ್ನೂ ನೀರಿಗೆ ಎಸೆಯಬಾರದು.

ಉತ್ತರ ಹೇಳಿರಿ
1. ಏಡಿ ಪೊರೆ ಬಿಟ್ಟ ಮೇಲೆ ಏಕೆ ಅಡಗುತ್ತದೆ?
2. ಹುಳದ ಔಷಧ ನೀರುಚಿಗಟಕ್ಕೆ ಏಕೆ ತಾಗುತ್ತದೆ?
3. ಬತ್ತಿದ ಕೆರೆಯಲ್ಲಿ ಮಳೆಯಾದ ಮೇಲೆ ನೀರುಚಿಗಟ ಎಲ್ಲಿಂದ ಬಂತು?