ಯಂತ್ರದ ತಪ್ಪಿಗೆ ಹೊಣೆ ಯಾರು?

ಮುಂಬಯಿಯ ಸಯನ್ನಿನ ಗೋಕುಲ ಸಭಾಗೃಹದ ಕಾರ್ಯಕ್ರಮಗಳಿಗೆ ಬರುವ ಹಿರಿಯರ ಮೊಬೈಲಿನಲ್ಲೂ ಈಗ ಬ್ಯಾಂಕು, ವಿಮೆ, ಟಿಕೆಟ್ಟಿನ ಪ್ರಶ್ನೆಗೆ ಉತ್ತರ ಕೊಡುವುದು ಚಾಟ್‌ಬಾಟ್. ಅದು ತಪ್ಪು ಹೇಳಿ ದುಡ್ಡು ಹೋದರೆ, ‘ಹೇಳಿದ್ದು ಯಂತ್ರ, ನಾವಲ್ಲ’ ಎಂಬ ಜವಾಬಿಗೆ ಗ್ರಾಹಕರು ಸುಮ್ಮನಾಗಬೇಕಿಲ್ಲ.

ಇದೇ ವಾದವನ್ನು ವಿಮಾನ ಕಂಪನಿ ಏರ್ ಕೆನಡಾ ಹೂಡಿ ನೋಡಿತು. ಸಾವಿನ ಮನೆಗೆ ಹೊರಟ ಪ್ರಯಾಣಿಕನಿಗೆ ಅದರ ಬಾಟ್, ಟಿಕೆಟ್ಟಿನ ರಿಯಾಯಿತಿಯನ್ನು ಪ್ರಯಾಣದ ನಂತರವೂ ಕೇಳಬಹುದು ಎಂದಿತ್ತು. ಕಂಪನಿಯ ನಿಯಮ ಬೇರೆಯೇ ಇತ್ತು. ಬಾಟ್ ತನ್ನ ಮಾತಿಗೆ ತಾನೇ ಹೊಣೆ ಎಂಬರ್ಥದ ವಾದ (ಧೈರ್ಯ ಮೆಚ್ಚಬೇಕು!) ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯಲ್ಲಿ ನಿಲ್ಲಲಿಲ್ಲ. 2024ರ ಫೆಬ್ರುವರಿಯಲ್ಲಿ, ಬಡ್ಡಿ-ಶುಲ್ಕ ಸೇರಿ ಸುಮಾರು 812 ಕೆನಡಿಯನ್ ಡಾಲರನ್ನು ಪ್ರಯಾಣಿಕನಿಗೆ ಕೊಡಲು ಆದೇಶವಾಯಿತು.

ಮುಂಬಯಿಯಲ್ಲೂ ಗಾಳಿ ಅತ್ತಲೇ ಬೀಸುತ್ತಿದೆ. 2024ರ ಜುಲೈಯಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐ (ಕೃತಕ ಬುದ್ಧಿಮತ್ತೆ) ಮೂಲಕ ನಕಲು ಮಾಡದಂತೆ ಬಾಂಬೆ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. 2025ರ ಅಕ್ಟೋಬರಿನಲ್ಲಿ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಆಧರಿಸಿದ ಆದಾಯ ತೆರಿಗೆ ಆದೇಶವನ್ನು ಅದೇ ಕೋರ್ಟ್ ರದ್ದುಮಾಡಿ, ಎಐ ಕೊಟ್ಟದ್ದನ್ನು ಪರಿಶೀಲಿಸದೆ ಬಳಸಬಾರದೆಂದು ಅಧಿಕಾರಿಗಳಿಗೆ ತಿಳಿಹೇಳಿತು.

ಎಐ ಹಾನಿಗೆಂದೇ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಆದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಸೇವಾ ನ್ಯೂನತೆ’ಯ ಬಾಗಿಲು ತೆರೆದೇ ಇದೆ. ಹಾಗಾಗಿ ಬಾಟ್ ಜೊತೆಗಿನ ಮಾತುಕತೆಯ ಸ್ಕ್ರೀನ್‌ಶಾಟನ್ನು ತಾರೀಖು ಕಾಣುವಂತೆ ತೆಗೆದಿಡಿ, ದೂರನ್ನು ಕಂಪನಿಗೆ ಬರಹದಲ್ಲೇ ಕಳಿಸಿ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನಕಲಿ ದನಿಯ ಕರೆಗೆ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಗ್ರಾಹಕ ಆಯೋಗಕ್ಕೆ ಹೋಗಲು ಸಾಮಾನ್ಯವಾಗಿ ಎರಡು ವರ್ಷಗಳ ಅವಕಾಶವಿರುತ್ತದೆ.