ಪಿ.ಎಚ್.ಪಿ.: ಮೂರು ದಶಕಗಳ ನಂತರವೂ ಬಳಕೆಯಲ್ಲಿರುವ ಜಾಲಭಾಷೆ

ಅಂತರ್ಜಾಲದಲ್ಲಿ ನಾವು ಕಾಣುವ ಪುಟಗಳು ಸ್ಥೂಲವಾಗಿ ಎರಡು ಬಗೆಯವು. ಗೋಡೆಗೆ ಅಂಟಿಸಿದ ಪ್ರಕಟಣೆಯಂತೆ ಎಲ್ಲರಿಗೂ ಒಂದೇ ರೀತಿ ಕಾಣುವ ಸ್ಥಿರಪುಟಗಳು ಮೊದಲನೆಯ ಬಗೆ. ಕೋರಿಕೆ ಬಂದ ಕ್ಷಣದಲ್ಲಿ, ಕೋರಿದವರ ಅಗತ್ಯಕ್ಕೆ ತಕ್ಕಂತೆ ಸಿದ್ಧವಾಗುವ ಪುಟಗಳು ಎರಡನೆಯ ಬಗೆ. ಅರ್ಜಿಯ ಸ್ಥಿತಿ, ಪರೀಕ್ಷೆಯ ಫಲಿತಾಂಶ, ಗ್ರಂಥಾಲಯದ ಪುಸ್ತಕಪಟ್ಟಿ ಮುಂತಾದವು ಈ ಎರಡನೆಯ ಬಗೆಗೆ ಸೇರುತ್ತವೆ. ಇಂತಹ ಪುಟಗಳನ್ನು ಸಿದ್ಧಪಡಿಸಲು ಸರ್ವರ್ ಗಣಕದಲ್ಲಿ ಒಂದು ಕ್ರಮವಿಧಿ ಕೆಲಸ ಮಾಡಬೇಕಾಗುತ್ತದೆ. ಅದನ್ನು ಬರೆಯಲು ಬಳಸುವ ಭಾಷೆಗಳಲ್ಲಿ ಅತ್ಯಂತ ವ್ಯಾಪಕವಾದುದು, 1995ರಿಂದ ಬಳಕೆಯಲ್ಲಿರುವ ಪಿ.ಎಚ್.ಪಿ.

ಉಗಮ ಮತ್ತು ಬೆಳವಣಿಗೆ

ಗ್ರೀನ್‌ಲ್ಯಾಂಡ್‌ನಲ್ಲಿ ಜನಿಸಿದ ರಾಸ್ಮಸ್ ಲೆರ್ಡಾರ್ಫ್ ಅವರು, ಜಾಲದಲ್ಲಿದ್ದ ತಮ್ಮ ಪರಿಚಯಪತ್ರವನ್ನು ಯಾರು ಯಾರು ನೋಡುತ್ತಿದ್ದಾರೆಂದು ತಿಳಿಯಲು 1994ರಲ್ಲಿ ಸಿ ಭಾಷೆಯಲ್ಲಿ ಕೆಲವು ಸಣ್ಣ ಸಾಧನಗಳನ್ನು ರಚಿಸಿದರು. 1995ರ ಜೂನ್ 8ರಂದು ಅವುಗಳನ್ನು ಮೂಲಸಂಕೇತದೊಡನೆ ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು. ಅನಂತರ ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ವಿದ್ಯಾರ್ಥಿಗಳಾಗಿದ್ದ ಝೇವ್ ಸುರಾಸ್ಕಿ ಮತ್ತು ಆಂಡಿ ಗುಟ್‌ಮನ್ಸ್ ಇದನ್ನು ಪುನರ್ರಚಿಸಿದರು; 1998ರಲ್ಲಿ ಮೂರನೆಯ ಆವೃತ್ತಿ ಹೊರಬಂದಿತು. ಅಕ್ಷರ ವ್ಯವಸ್ಥೆಯನ್ನೇ ಬುಡದಿಂದ ಬದಲಿಸಲು ಹೊರಟ ಆರನೆಯ ಆವೃತ್ತಿಯ ಯತ್ನವನ್ನು ಕೈಬಿಡಲಾಯಿತು. 2015ರ ಏಳನೆಯ ಆವೃತ್ತಿಯು ಅನೇಕ ಕೆಲಸಗಳಲ್ಲಿ ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟು ವೇಗ ಸಾಧಿಸಿತು. 2020ರಲ್ಲಿ ಎಂಟನೆಯದು ಬಂದಿತು.

ಕಾರ್ಯವಿಧಾನ

ಎಚ್.ಟಿ.ಎಂ.ಎಲ್. ಪುಟದ ನಡುವೆಯೇ ಈ ಭಾಷೆಯ ಆದೇಶಗಳನ್ನು ಬರೆಯಬಹುದು. ಕೋರಿಕೆ ಬಂದೊಡನೆ ಸರ್ವರ್ ಆ ಆದೇಶಗಳನ್ನು ನಡೆಸಿ, ಬೇಕಾದ ಮಾಹಿತಿಯನ್ನು ದತ್ತಸಂಚಯದಿಂದ ಪಡೆದು, ಸಿದ್ಧಪುಟವನ್ನು ಮಾತ್ರ ಓದುಗನಿಗೆ ಕಳುಹಿಸುತ್ತದೆ. ಸಾಮಾನ್ಯ ವ್ಯವಸ್ಥೆಯಲ್ಲಿ, ಕೋರಿಕೆ ಪೂರೈಸಿದ ಬಳಿಕ ಅದಕ್ಕಾಗಿ ಬಳಸಿದ ಸ್ಮೃತಿ ತೆರವಾಗುತ್ತದೆ. ಆದ್ದರಿಂದ ಒಂದು ಕೋರಿಕೆಯಲ್ಲಿನ ದೋಷ ಮುಂದಿನದನ್ನು ಬಾಧಿಸುವುದು ವಿರಳ. ಒಂದು ಸಾಲನ್ನು ತಿದ್ದಿ, ಕಡತವನ್ನು ಉಳಿಸಿ, ಪುಟವನ್ನು ಮತ್ತೆ ತೆರೆದರೆ ಫಲ ಕಾಣುತ್ತದೆ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಅಲ್ಪ ವೆಚ್ಚದ ಸರ್ವರ್ ಸೇವೆಗಳಲ್ಲಿಯೂ ಈ ಭಾಷೆ ಲಭ್ಯವಿರುವುದು ಅದರ ವ್ಯಾಪ್ತಿಗೆ ಮತ್ತೊಂದು ಕಾರಣ.

ಇಂದಿನ ಪ್ರಸ್ತುತತೆ

ಹೊಸ ಭಾಷೆಗಳು ಬಂದಂತೆ ಪಿ.ಎಚ್.ಪಿ. ಮರೆಯಾಗುವುದೆಂಬ ಮಾತು ಹಲವು ವರ್ಷಗಳಿಂದ ಕೇಳಿಬರುತ್ತಿದೆ. ವಸ್ತುಸ್ಥಿತಿ ಬೇರೆಯೇ ಆಗಿದೆ. ವಿಕಿಪೀಡಿಯ 2002ರ ಜನವರಿಯಿಂದ ಇದೇ ಭಾಷೆಯ ತಂತ್ರಾಂಶದ ಮೇಲೆ ನಡೆಯುತ್ತಿದೆ. ಕನ್ನಡ ವಿಕಿಪೀಡಿಯಕ್ಕೂ ಅದೇ ಆಧಾರ. 2003ರಲ್ಲಿ ಆರಂಭವಾದ ವರ್ಡ್‌ಪ್ರೆಸ್, ಶಿಕ್ಷಣ ಸಂಸ್ಥೆಗಳು ಬಳಸುವ ಮೂಡಲ್, ಭಾರತ ಸರ್ಕಾರದ ಮುಕ್ತ ದತ್ತಾಂಶ ತಾಣಕ್ಕೆ ಆಧಾರವಾದ ಡ್ರೂಪಲ್ ಇವೆಲ್ಲವೂ ಪಿ.ಎಚ್.ಪಿ.ಯಲ್ಲಿಯೇ ರಚಿತವಾದವು. 2004ರಲ್ಲಿ ಇದೇ ಭಾಷೆಯಿಂದ ಆರಂಭವಾದ ಫೇಸ್‌ಬುಕ್, 2014ರಲ್ಲಿ ಅದರಿಂದಲೇ ಕವಲೊಡೆದ ಹ್ಯಾಕ್ ಎಂಬ ತನ್ನದೇ ಭಾಷೆಯನ್ನು ಪ್ರಕಟಿಸಿತು. ಭಾಷೆಯ ನಿರ್ವಹಣೆ ಕೆಲವೇ ತಜ್ಞರನ್ನು ಅವಲಂಬಿಸಿರುವುದು ಅಪಾಯಕರವೆಂದು ಮನಗಂಡು, 2021ರಲ್ಲಿ ಪಿ.ಎಚ್.ಪಿ. ಫೌಂಡೇಶನ್ ಸ್ಥಾಪಿಸಲಾಯಿತು.

ಕನ್ನಡ ಲಿಪಿಯ ಪ್ರಶ್ನೆ

ಹೊರನಾಡ ಕನ್ನಡಿಗರು ತಮ್ಮ ಸಂಘದ ತಾಣವನ್ನು ಕನ್ನಡದಲ್ಲಿ ನಡೆಸಬೇಕೆಂದಿದ್ದರೆ ಒಂದು ವಿಷಯವನ್ನು ಅವಶ್ಯವಾಗಿ ತಿಳಿದಿರಬೇಕು. ಈ ಭಾಷೆಯ ಹಳೆಯ ಪಠ್ಯಸಾಧನಗಳು ಎಣಿಸುವುದು ಅಕ್ಷರಗಳನ್ನಲ್ಲ, ಬೈಟುಗಳನ್ನು. ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಗಣಕಕ್ಕೆ ಅದು ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಸಂಕೇತ, ಬೈಟುಗಳಲ್ಲಿ ಹದಿನೈದು.

ಹೆಸರಿಗೆ 30 ಬೈಟುಗಳ ಮಿತಿ ಇಟ್ಟ ನಮೂನೆಯಲ್ಲಿ ಕನ್ನಡದ ಹೆಸರಿಗೆ ದೊರೆಯುವುದು ಹತ್ತೇ ಸಂಕೇತಗಳ ಸ್ಥಳ. ಉಳಿದುದನ್ನು ಕತ್ತರಿಸಿದರೆ ವ್ಯಕ್ತಿಯ ಹೆಸರೇ ತಪ್ಪಾಗಿ ದಾಖಲಾಗುತ್ತದೆ. ಬೈಟುಗಳ ನಡುವೆ ಕತ್ತರಿ ಬಿದ್ದರಂತೂ ಕೊನೆಯ ಅಕ್ಷರದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ ‘ಎಂಬಿಸ್ಟ್ರಿಂಗ್’ ಎಂಬ ವಿಸ್ತರಣೆ ಇದೆ. ಅದು ಸಂಕೇತಗಳನ್ನು ಎಣಿಸುತ್ತದೆ. ಆದರೂ ಮೊದಲ ಮೂರು ಸಂಕೇತಗಳನ್ನು ಮಾತ್ರ ಕೇಳಿದರೆ ‘ಕನ್ನಡ’ ಎಂಬುದು ‘ಕನ್’ ಆಗಿ ಉಳಿಯುತ್ತದೆ. ಆದಕಾರಣ ಮಿತಿಯನ್ನು ಧಾರಾಳವಾಗಿರಿಸಿ, ಹೆಸರುಗಳನ್ನು ಕತ್ತರಿಸದಿರುವುದೇ ಉತ್ತಮ ಮಾರ್ಗ.

ಅವಶ್ಯಕ ಎಚ್ಚರಿಕೆಗಳು

ಹಳೆಯ ಭಾಷೆ ಬೇರೆ, ಹಳೆಯ ಆವೃತ್ತಿ ಬೇರೆ. ಭಾಷೆ ಹಳೆಯದಾದ ಮಾತ್ರಕ್ಕೆ ಅಪಾಯವಿಲ್ಲ. ಆವೃತ್ತಿ ಹಳೆಯದಾದರೆ ಅಪಾಯವುಂಟು. ಈಗಿನ ನಿಯಮದಂತೆ ಪ್ರತಿ ಆವೃತ್ತಿಗೆ ಎರಡು ವರ್ಷ ಪೂರ್ಣ ಬೆಂಬಲ, ಅನಂತರ ಎರಡು ವರ್ಷ ಸುರಕ್ಷತಾ ತಿದ್ದುಪಡಿ ಮಾತ್ರ ದೊರೆಯುತ್ತದೆ. 7.4ನೆಯ ಆವೃತ್ತಿಗೆ 2022ರ ನವೆಂಬರ್‌ನಲ್ಲಿಯೇ ಬೆಂಬಲ ನಿಂತಿದೆ. ಅಂತಹ ಆವೃತ್ತಿಯಲ್ಲಿ ಹೊಸದಾಗಿ ಕಂಡುಬರುವ ದೋಷಗಳಿಗೆ ಅಧಿಕೃತ ತಿದ್ದುಪಡಿ ಬರುವುದಿಲ್ಲ. ತಾಣವನ್ನು ನಿರ್ವಹಿಸುವವರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ:

1. ಬಳಕೆಯಲ್ಲಿರುವ ಆವೃತ್ತಿ ಯಾವುದು, ಅದರ ಬೆಂಬಲ ಎಂದಿನವರೆಗೆ ಎಂಬುದನ್ನು ಸೇವಾದಾರರಿಂದ ತಿಳಿದುಕೊಳ್ಳಬೇಕು.

2. ಓದುಗರು ತುಂಬಿದ ಮಾಹಿತಿಯನ್ನು ದತ್ತಸಂಚಯದ ಆದೇಶದೊಳಗೆ ನೇರವಾಗಿ ಸೇರಿಸಬಾರದು. ಹಾಗೆ ಮಾಡಿದರೆ ದುರುದ್ದೇಶವುಳ್ಳವರು ಅಲ್ಲಿ ತಮ್ಮದೇ ಆದೇಶವನ್ನು ನುಸುಳಿಸಿ ಸದಸ್ಯರ ವಿವರಗಳನ್ನು ಕದಿಯಬಹುದು. ಆದೇಶವನ್ನು ಮೊದಲೇ ಸಿದ್ಧಪಡಿಸಿ, ಮಾಹಿತಿಯನ್ನು ಪ್ರತ್ಯೇಕವಾಗಿ ನೀಡುವ ವಿಧಾನವನ್ನೇ ಅನುಸರಿಸಬೇಕು.

3. ವರ್ಡ್‌ಪ್ರೆಸ್ ಮೊದಲಾದವುಗಳಿಗೆ ಸೇರಿಸಿದ ಉಪತಂತ್ರಾಂಶಗಳನ್ನು ಕಾಲಕಾಲಕ್ಕೆ ನವೀಕರಿಸಬೇಕು, ಬಳಸದಿರುವುದನ್ನು ತೆಗೆದುಹಾಕಬೇಕು.

4. ಮಾಹಿತಿಯ ಪ್ರತಿಯನ್ನು ಬೇರೆಡೆ ಕಾಪಾಡಿಕೊಳ್ಳಬೇಕು. ತಾಣಕ್ಕೆ ಧಕ್ಕೆಯಾದಲ್ಲಿ, 2004ರಿಂದ ಕಾರ್ಯನಿರ್ವಹಿಸುತ್ತಿರುವ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು.

ನಡೆಯುತ್ತಿರುವ ತಂತ್ರಾಂಶವನ್ನು ಹೊಸ ಭಾಷೆಯಲ್ಲಿ ಮೊದಲಿನಿಂದ ಬರೆಯಲು ಹಣ, ಕಾಲ ಎರಡೂ ಬೇಕು. ಹೊಸ ತಪ್ಪುಗಳೂ ನುಸುಳಬಹುದು. ಸುಸ್ಥಿತಿಯಲ್ಲಿರುವ ಹಳೆಯ ಬಾವಿಯನ್ನು ಯಾರೂ ಮುಚ್ಚುವುದಿಲ್ಲ. ಕಾಲಕಾಲಕ್ಕೆ ಹೂಳೆತ್ತಿದರೆ ಅದು ಸಿಹಿನೀರನ್ನೇ ಕೊಡುತ್ತದೆ. ಪಿ.ಎಚ್.ಪಿ.ಗೂ ಈ ಮಾತು ಸಲ್ಲುತ್ತದೆ.