ಮಾರ್ಚ್ 21: ಒಂದು ರಜೆಯ ಅರ್ಥ

ರಜೆಯೆಂದೊಡನೆ ನಮಗೆ ಆಟ, ವಿಶ್ರಾಂತಿಗಳ ನೆನಪಾಗುವುದು ಸಹಜ. ದಕ್ಷಿಣ ಆಫ್ರಿಕದಲ್ಲಿ ಮಾರ್ಚ್ 21ರ ರಜೆಯು ದುಃಖದ ಚರಿತ್ರೆಯೊಂದನ್ನು ನೆನಪಿಸುತ್ತದೆ. ಅದು ಆ ರಾಷ್ಟ್ರದ ಮಾನವ ಹಕ್ಕುಗಳ ದಿನ.

ವರ್ಣಭೇದದ ಆಳ್ವಿಕೆಯಲ್ಲಿ ಅಲ್ಲಿಯ ಆಫ್ರಿಕನರು ತಮ್ಮ ನಾಡಿನಲ್ಲಿಯೇ ಸಂಚರಿಸಲು ‘ಪಾಸ್’ ಎಂಬ ರಹದಾರಿಯನ್ನು ಸದಾ ಬಳಿಯಲ್ಲಿಟ್ಟುಕೊಳ್ಳಬೇಕಾಗಿತ್ತು; ಇಲ್ಲದವರಿಗೆ ಸೆರೆಮನೆಯೇ ಗತಿ. 1960ರ ಮಾರ್ಚ್ 21ರಂದು ಷಾರ್ಪ್‌ವಿಲ್ ಎಂಬಲ್ಲಿ ಸಾವಿರಾರು ಜನರು ಈ ಕಾಯಿದೆಯನ್ನು ಪ್ರತಿಭಟಿಸಿ ಪೊಲೀಸ್ ಠಾಣೆಯ ಮುಂದೆ ನೆರೆದರು. ಪೊಲೀಸರು ಗುಂಡು ಹಾರಿಸಿದರು. ಅಂದಿನ ಸರಕಾರಿ ಲೆಕ್ಕದಂತೆ 69 ಮಂದಿ ಮಡಿದರು. ಅನೇಕರಿಗೆ ಗುಂಡು ತಗುಲಿದ್ದು ಬೆನ್ನಿಗೆ.

ಪಾಸ್ ಕಾಯಿದೆಯು 1986ರಲ್ಲಿ ರದ್ದಾಯಿತು. 1994ರಲ್ಲಿ ಎಲ್ಲ ವರ್ಣದವರೂ ಮತ ನೀಡಿ ಸರಕಾರವನ್ನು ಆರಿಸಿದರು. ಮರುವರ್ಷದಿಂದ ಈ ದಿನವು ರಾಷ್ಟ್ರೀಯ ರಜೆಯಾಯಿತು. 1996ರ ಡಿಸೆಂಬರ್ 10ರಂದು ಅಧ್ಯಕ್ಷ ನೆಲ್ಸನ್ ಮಂಡೇಲರು ಹೊಸ ಸಂವಿಧಾನಕ್ಕೆ ಸಹಿ ಹಾಕಿದ್ದೂ ಷಾರ್ಪ್‌ವಿಲ್‌ನಲ್ಲಿಯೇ.

ವಿಜಯದ ದಿನವನ್ನು ಬಿಟ್ಟು ಬಲಿದಾನದ ದಿನವನ್ನು ಅವರು ಆರಿಸಿಕೊಂಡುದೇಕೆ? ಹಕ್ಕಿನ ಬೆಲೆಯನ್ನು ಅದನ್ನು ಕಳೆದುಕೊಂಡವರೇ ಬಲ್ಲರು. ಹುಟ್ಟೂರನ್ನು ಬಿಟ್ಟು ಈ ನಗರಕ್ಕೆ ಬಂದ ನಮ್ಮನ್ನು ದಾರಿಯಲ್ಲಿ ಯಾರೂ ರಹದಾರಿ ಕೇಳಲಿಲ್ಲ. ಭಾರತದಲ್ಲೆಲ್ಲ ಸಂಚರಿಸುವ, ನೆಲೆಸುವ ಹಕ್ಕನ್ನು ನಮ್ಮ ಸಂವಿಧಾನದ 19ನೆಯ ವಿಧಿಯು ನಾಗರಿಕರಿಗೆ ನೀಡಿದೆ. ಕೇಳದೆಯೇ ದೊರೆತ ಈ ಹಕ್ಕಿನ ಬೆಲೆಯನ್ನು ಷಾರ್ಪ್‌ವಿಲ್‌ನ ಜನರಿಂದ ನಾವು ಅರಿಯೋಣ. ನೆರೆಯವನಿಗೂ ಅದು ತಪ್ಪದಂತೆ ನೋಡಿಕೊಳ್ಳೋಣ.